ಅತ್ತೆಯೂ ಬ್ಯಾಟರಿ ಬದಲಿಸಬಲ್ಲ ಎಮರ್ಜೆನ್ಸಿ ಲೈಟು

ಜೂನ್ ಬಂತೆಂದರೆ ನನ್ನ ರಿಪೇರಿ ಅಂಗಡಿಯ ಮೇಜಿನ ಮೇಲೆ ಸತ್ತ ಎಮರ್ಜೆನ್ಸಿ ಲೈಟುಗಳ ರಾಶಿ ಬೀಳುತ್ತದೆ. ಸಾಗರದ ಸುತ್ತಮುತ್ತಲ ಹಳ್ಳಿಗಳಲ್ಲಿ ಮಳೆಗಾಲಕ್ಕೆ ಮರ ಬಿದ್ದು ಲೈನ್ ಹರಿದರೆ ಕರೆಂಟು ಬರುವುದು ಗಂಟೆಯ ಲೆಕ್ಕದಲ್ಲಲ್ಲ, ಕೆಲವು ಸಲ ದಿನದ ಲೆಕ್ಕದಲ್ಲಿ. ಶರಾವತಿ ನೀರಿನಿಂದ ಸಾವಿರ ಮೆಗಾವ್ಯಾಟ್ ತಯಾರಾಗುವ ಜಾಗ ಇಲ್ಲೇ ಪಕ್ಕದಲ್ಲಿದೆ. ಇರಲಿ ಬಿಡಿ, ಆ ಮಾತು ಬೇರೆ.

ರಾಶಿಯಲ್ಲಿರುವ ಹೆಚ್ಚಿನ ಲೈಟುಗಳಲ್ಲಿ ಎಲ್‌ಇಡಿ ಚೆನ್ನಾಗಿರುತ್ತದೆ. ಸ್ವಿಚ್ಚೂ ಚೆನ್ನಾಗಿರುತ್ತದೆ. ಸತ್ತಿರುವುದು ಬ್ಯಾಟರಿ ಮಾತ್ರ. ಅದನ್ನು ಬದಲಿಸಲು ಹೋದರೆ ಡಬ್ಬಿಯನ್ನು ಅಂಟು ಹಾಕಿ ಮುಚ್ಚಿರುತ್ತಾರೆ, ಇಲ್ಲವೇ ನಾಲ್ಕು ಸ್ಕ್ರೂ ಸ್ಟಿಕ್ಕರ್ ಕೆಳಗೆ ಅಡಗಿರುತ್ತವೆ, ಬ್ಯಾಟರಿಯ ವೈರನ್ನು ನೇರ ಬೋರ್ಡಿಗೆ ಬೆಸುಗೆ ಹಾಕಿರುತ್ತಾರೆ. ಲೈಟಿನಲ್ಲಿ ಎಲ್ಲಕ್ಕಿಂತ ಮೊದಲು ಹಾಳಾಗುವ ವಸ್ತುವನ್ನೇ ಎಲ್ಲಕ್ಕಿಂತ ಒಳಗೆ ಹೂತಿಡುವುದು ಯಾವ ಬುದ್ಧಿ ಹೇಳಿ?

ಹಾಗಾಗಿ ನಾನು ಮಾಡಿಕೊಡುವ ಲೈಟಿನ ಡಿಸೈನ್ ಶುರುವಾಗುವುದು ಬೆಳಕಿನಿಂದ ಅಲ್ಲ. ಬ್ಯಾಟರಿ ಸಾಯುವ ದಿನ ಅದನ್ನು ಯಾರು ತೆಗೆಯುತ್ತಾರೆ, ಅವರ ಕೈ ಎಲ್ಲೆಲ್ಲಿ ತಾಗುತ್ತದೆ ಅನ್ನುವುದರಿಂದ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ಬೆಸುಗೆ ಹಾಕಲು, ಮಲ್ಟಿಮೀಟರ್ ಹಿಡಿಯಲು ಬರುವವರಿಗೆ ಇಷ್ಟು ಸಾಕು.

ಮೊದಲು 230 ವೋಲ್ಟನ್ನು ಹೊರಗೆ ಹಾಕಿ

ಅಗ್ಗದ ಲೈಟುಗಳ ಒಳಗೆ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಅದರ ಬದಲು ಒಂದು ಚೌಕ ಕೆಪಾಸಿಟರ್ ಇರುತ್ತದೆ, ಮೇಲೆ 105ಜೆ, 400 ವೋಲ್ಟ್ ಅಂತ ಬರೆದಿರುತ್ತದೆ. ಅಂದರೆ 1 ಮೈಕ್ರೋಫ್ಯಾರಡ್. ನಮ್ಮ 230 ವೋಲ್ಟ್, 50 ಹರ್ಟ್ಝ್ ಕರೆಂಟಿನಲ್ಲಿ ಅದು ಸುಮಾರು 70 ಮಿಲಿಆಂಪಿಯರ್ ಬಿಡುತ್ತದೆ. ಅಲ್ಲಿಂದ ನಾಲ್ಕು ಡಯೋಡು, ಅಲ್ಲಿಂದ ಬ್ಯಾಟರಿ. ಅಷ್ಟೇ ಚಾರ್ಜರ್.

ಇದರಲ್ಲಿ ಎರಡು ತೊಂದರೆ. ಒಂದು, ಬ್ಯಾಟರಿ ತುಂಬಿದ ಮೇಲೂ ಆ 70 ಮಿಲಿಆಂಪಿಯರ್ ನಿಲ್ಲುವುದಿಲ್ಲ. 4 ವೋಲ್ಟಿನ ಚಿಕ್ಕ ಲೆಡ್ ಬ್ಯಾಟರಿ ದಿನಗಟ್ಟಲೆ ಪ್ಲಗ್‌ನಲ್ಲಿದ್ದು ಊದಿಕೊಳ್ಳುವುದು ಇದರಿಂದಲೇ. ಎರಡನೆಯದು ಇನ್ನೂ ಕೆಟ್ಟದ್ದು. ಕೆಪಾಸಿಟರ್ ಕರೆಂಟನ್ನು ಕಡಿಮೆ ಮಾಡುತ್ತದೆಯೇ ಹೊರತು ಮನೆಯ ಲೈನಿನಿಂದ ಬೇರೆ ಮಾಡುವುದಿಲ್ಲ. ಎರಡು ಪಿನ್ನಿನ ಪ್ಲಗ್ ಯಾವ ಕಡೆಯಿಂದ ಬೇಕಾದರೂ ಕೂರುತ್ತದೆ. ಹಾಗಾಗಿ ಪ್ಲಗ್ ಹಾಕಿರುವಾಗ ಬ್ಯಾಟರಿಯ ಟರ್ಮಿನಲ್ ಮುಟ್ಟಿದರೆ ಫೇಸನ್ನೇ ಮುಟ್ಟಿದ ಹಾಗೆ. ಬ್ಯಾಟರಿಯ ಮೇಲೆ 4 ವೋಲ್ಟ್ ಅಂತ ಬರೆದಿದ್ದರೂ ನೆಲದ ಮೇಲೆ ಬರಿಗಾಲಲ್ಲಿ ನಿಂತವರಿಗೆ ಅದು 230 ವೋಲ್ಟೇ.

ನಿಮ್ಮ ಮನೆಯ ಲೈಟು ಈ ಜಾತಿಯದ್ದಾ ಅಂತ ನೋಡಬೇಕಾ? ಪ್ಲಗ್ ಕಿತ್ತು ಐದು ನಿಮಿಷ ಬಿಡಿ. ಮಲ್ಟಿಮೀಟರನ್ನು 20 ಮೆಗಾ ಓಮ್‌ಗೆ ಇಟ್ಟು, ಒಂದು ಮೊನೆ ಪ್ಲಗ್ ಪಿನ್ನಿಗೆ, ಇನ್ನೊಂದು ಬ್ಯಾಟರಿ ಟರ್ಮಿನಲ್ಲಿಗೆ ಹಿಡಿಯಿರಿ. ಎರಡೂ ಪಿನ್ನಿಗೆ, ಎರಡೂ ಟರ್ಮಿನಲ್ಲಿಗೆ, ಮೊನೆ ಅದಲು ಬದಲು ಮಾಡಿಯೂ ನೋಡಿ. ಯಾವುದಾದರೂ ಒಂದು ಕಡೆ ಅಂಕಿ ತೋರಿಸಿತೋ, ಆ ಲೈಟಿನಲ್ಲಿ ಬ್ಯಾಟರಿ ಲೈನಿಗೆ ಅಂಟಿಕೊಂಡೇ ಇದೆ. ಅಂಥದ್ದಕ್ಕೆ ಸುಲಭವಾಗಿ ತೆರೆಯುವ ಬಾಗಿಲು ಮಾಡಿಕೊಡುವುದು ಉಪಕಾರವಲ್ಲ, ಅಪಾಯ. ಅದನ್ನು ಮುಚ್ಚಿಯೇ ಇಡಿ, ಇಲ್ಲಾಂದ್ರೆ ಚಾರ್ಜರನ್ನೇ ಕಿತ್ತು ಹಾಕಿ.

ಹಾಗಾಗಿ ಮೊದಲ ನಿಯಮ: ಡಬ್ಬಿಯ ಒಳಗೆ 230 ವೋಲ್ಟ್ ಬರಲೇಬಾರದು. ಮೊಬೈಲ್ ಚಾರ್ಜರ್ ಸ್ವಿಚ್ ಬೋರ್ಡಿನಲ್ಲಿ ಇರಲಿ, ಅಲ್ಲಿಂದ ಡಬ್ಬಿಗೆ 5 ವೋಲ್ಟಿನ ವೈರ್ ಮಾತ್ರ ಬರಲಿ. ಚಾರ್ಜರ್ ಒಳ್ಳೆಯದಿರಬೇಕು. ಅದರ ಮೇಲೆ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋದ ಗುರುತು, ಕೆಳಗೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯಾ ನೋಡಿ. ಜಾತ್ರೆಯಲ್ಲಿ ಸಿಗುವ 60 ರೂಪಾಯಿ ಚಾರ್ಜರಿನ ಒಳಗೆ 230 ಮತ್ತು 5 ವೋಲ್ಟಿನ ನಡುವೆ ಎಷ್ಟು ಅಂತರ ಬಿಟ್ಟಿದ್ದಾರೋ ನೋಡಿದವರು ಯಾರು? ಇಷ್ಟು ಮಾಡಿದರೆ ಉಳಿದ ಅರ್ಧ ಚಿಂತೆ ತಾನಾಗಿ ಹೋಗುತ್ತದೆ. ಬಾಗಿಲು ತೆರೆದಾಗ ಕರೆಂಟು ಕಟ್ ಆಗಬೇಕು ಅನ್ನುವ ಸ್ವಿಚ್ಚೆಲ್ಲ ಬೇಡ.

ಯಾವ ಬ್ಯಾಟರಿ

ನಾನು ಈಗ ಹಾಕುವುದು ಲಿಥಿಯಂ ಐರನ್ ಫಾಸ್ಫೇಟ್, 32700 ಅಳತೆಯ ಒಂದೇ ಸೆಲ್. 32 ಮಿಲಿಮೀಟರ್ ದಪ್ಪ, 70 ಮಿಲಿಮೀಟರ್ ಉದ್ದ, 3.2 ವೋಲ್ಟ್, 6 ಆಂಪಿಯರ್ ಅವರ್. ಕಾರಣ ಹೇಳುತ್ತೇನೆ.

ಲ್ಯಾಪ್‌ಟಾಪ್ ಬ್ಯಾಟರಿಯಿಂದ ಕಿತ್ತ 18650 ಸೆಲ್ ಹಾಕಬಹುದಲ್ವಾ ಅಂತ ಹುಡುಗರು ಕೇಳುತ್ತಾರೆ. ಹಾಕಬಹುದು, ಆದರೆ ಅದು 4.2 ವೋಲ್ಟಿನವರೆಗೆ ತುಂಬುವ ಬೇರೆ ರಸಾಯನ. ಒಳಗೆ ಶಾರ್ಟ್ ಆದರೆ, ಜಾಸ್ತಿ ಚಾರ್ಜ್ ಆದರೆ ಬೆಂಕಿ ಹೊತ್ತಿಕೊಳ್ಳುವ ಸ್ವಭಾವ ಅದಕ್ಕೆ ಹೆಚ್ಚು. ಐರನ್ ಫಾಸ್ಫೇಟ್ ಅಷ್ಟು ಬೇಗ ಕೆರಳುವುದಿಲ್ಲ. ವರ್ಷಪೂರ್ತಿ ಗೋಡೆಯ ಮೇಲೆ ಚಾರ್ಜಿನಲ್ಲೇ ಕೂರುವ ವಸ್ತುವಿಗೆ ಈ ಸ್ವಭಾವ ಮುಖ್ಯ.

ಇನ್ನೊಂದು ಕಾರಣ ಅಳತೆ. 18650 ಎಲ್ಲರ ಮನೆಯ ಟಾರ್ಚಿನಲ್ಲೂ ಇದೆ. ಅದೇ ಅಳತೆಯ ಜಾಗ ಬಿಟ್ಟರೆ ಯಾರೋ ಒಬ್ಬರು ಟಾರ್ಚಿನ ಸೆಲ್ ಇಲ್ಲಿಗೆ, ಇಲ್ಲಿನದು ಟಾರ್ಚಿನ ಚಾರ್ಜರಿಗೆ ಹಾಕುತ್ತಾರೆ. ಐರನ್ ಫಾಸ್ಫೇಟ್ ಸೆಲ್ 4.2 ವೋಲ್ಟಿನ ಚಾರ್ಜರಿಗೆ ಹೋದರೆ ಹಾಳಾಗುತ್ತದೆ. 32700 ಅನ್ನು ಟಾರ್ಚಿಗೆ ತುರುಕಲು ಆಗುವುದಿಲ್ಲ. ಬೋರ್ಡು ಬರೆದು ಎಚ್ಚರಿಸುವುದಕ್ಕಿಂತ ಹಿಡಿಸದ ಹಾಗೆ ಮಾಡುವುದು ಮೇಲು.

ಸೆಲ್ ಕೊಳ್ಳುವಾಗ ತೂಗಿ ನೋಡಿ. 6 ಆಂಪಿಯರ್ ಅವರಿನ 32700 ಸುಮಾರು 140 ಗ್ರಾಂ ಬರಬೇಕು. ತುಂಬ ಹಗುರ ಇದ್ದರೆ ಒಳಗೆ ಮಾಲು ಕಡಿಮೆ. 9900 ಅಂತ ಮೈಮೇಲೆ ಅಚ್ಚು ಹಾಕಿದ 18650 ಸೆಲ್ಲುಗಳೂ ಬರುತ್ತವೆ, ಆ ಅಳತೆಯಲ್ಲಿ ಒಳ್ಳೆಯ ಕಂಪನಿಯ ಸೆಲ್ಲೇ 3500ರ ಸುತ್ತಮುತ್ತ ಇರುವುದು. ಸುಳ್ಳು ಬರೆದವರ ಸೆಲ್ಲನ್ನು ಮನೆ ಗೋಡೆಗೆ ನೇತು ಹಾಕಬೇಡಿ.

ಬೆಳಕಿನ ಲೆಕ್ಕ

ಇಲ್ಲಿ ಜನ ಆಸೆ ಬೀಳುತ್ತಾರೆ. 20 ವ್ಯಾಟ್ ಹಾಕಿ ಮೇಡಂ ಅನ್ನುತ್ತಾರೆ. ಹಾಕಿದರೆ ಸೆಲ್ ಒಂದು ಗಂಟೆಯೂ ಬರುವುದಿಲ್ಲ. ರಾತ್ರಿ ಎದ್ದು ಬಚ್ಚಲಿಗೆ ಹೋಗಲು, ಊಟ ಬಡಿಸಲು, ಮೆಟ್ಟಿಲು ಕಾಣಲು ಎಷ್ಟು ಬೇಕು? ಒಂದು ವ್ಯಾಟ್ ಸಾಕು.

2835 ಅನ್ನುವ ಚಿಕ್ಕ ಬಿಳಿ ಎಲ್‌ಇಡಿ, ಅರ್ಧ ವ್ಯಾಟಿನದು, 12 ತೆಗೆದುಕೊಳ್ಳಿ. ಪ್ರತಿಯೊಂದಕ್ಕೂ 15 ಓಮ್ ರೆಸಿಸ್ಟರ್ ಸೀರೀಸ್‌ನಲ್ಲಿ ಹಾಕಿ, ಹನ್ನೆರಡನ್ನೂ ಸಮಾನಾಂತರ ಜೋಡಿಸಿ. ಒಂದೊಂದರಲ್ಲಿ 20ರಿಂದ 30 ಮಿಲಿಆಂಪಿಯರ್ ಹರಿಯುತ್ತದೆ. ಅವುಗಳ ತಾಕತ್ತು 150 ಮಿಲಿಆಂಪಿಯರ್, ನಾವು ಕೊಡುವುದು ಅದರ ಐದನೇ ಒಂದು ಭಾಗ. ಬಿಸಿಯೇ ಆಗುವುದಿಲ್ಲ, ಹೀಟ್‌ಸಿಂಕ್ ಬೇಡ, ಡ್ರೈವರ್ ಬೇಡ. ಒಟ್ಟು 300 ಮಿಲಿಆಂಪಿಯರ್ ಅಂತ ಹಿಡಿದರೆ 6 ಆಂಪಿಯರ್ ಅವರ್ ಸೆಲ್ಲಿಗೆ 20 ಗಂಟೆ. ಸ್ವಲ್ಪ ಹಳತಾದ ಸೆಲ್ಲಾದರೂ ಎರಡು ರಾತ್ರಿ ದಾಟುತ್ತದೆ.

ಐರನ್ ಫಾಸ್ಫೇಟಿನ ಒಂದು ಒಳ್ಳೆಯ ಗುಣ, ಅದರ ವೋಲ್ಟೇಜು ಕೊನೆಯವರೆಗೂ 3.2ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಬೆಳಕು ಸಂಜೆ ಹೇಗಿತ್ತೋ ಬೆಳಗಿನ ಜಾವಕ್ಕೂ ಹಾಗೇ. ಮಕ್ಕಳು ಓದಬೇಕು ಅಂದರೆ ಇನ್ನೂ 12 ಎಲ್‌ಇಡಿಯ ಎರಡನೇ ಗುಂಪು ಮಾಡಿ, ಅದಕ್ಕೊಂದು ಬೇರೆ ಸ್ವಿಚ್ ಕೊಡಿ. ಸಂಬಂಧವೇ ಇಲ್ಲದ ಸೈರನ್, ಎಫ್‌ಎಂ ರೇಡಿಯೋ, ಮಿನುಗುವ ಕೆಂಪು ದೀಪ ಏನೂ ಬೇಡ.

ಕರೆಂಟು ಹೋದಾಗ ತಾನಾಗಿ ಹತ್ತುವುದು

ಇದಕ್ಕೆ ರಿಲೇ ಬೇಡ, ಒಂದು ಪಿ ಚಾನೆಲ್ ಮಾಸ್‌ಫೆಟ್ ಸಾಕು. ಗೇಟ್ ಕಾಲಿನ ವೋಲ್ಟೇಜು ನೋಡಿ ತೆರೆದು ಮುಚ್ಚುವ ಮೂರು ಕಾಲಿನ ಸ್ವಿಚ್ ಅದು. ನಾನು ಹಾಕುವುದು ಎಒ3401. ಸೋರ್ಸ್ ಕಾಲು ಬ್ಯಾಟರಿ ಪ್ಲಸ್ಸಿಗೆ, ಡ್ರೈನ್ ಕಾಲು ಎಲ್‌ಇಡಿ ಗುಂಪಿಗೆ. ಗೇಟ್ ಕಾಲಿಗೆ 1 ಕಿಲೋ ಓಮ್ ಮೂಲಕ ಚಾರ್ಜರಿನ 5 ವೋಲ್ಟ್. ಅದೇ ಗೇಟಿನಿಂದ ಮೈನಸ್ಸಿಗೆ 10 ಕಿಲೋ ಓಮ್. 5 ವೋಲ್ಟ್ ಇರುವವರೆಗೆ ಗೇಟು ಬ್ಯಾಟರಿಗಿಂತ ಮೇಲಿರುತ್ತದೆ, ಮಾಸ್‌ಫೆಟ್ ಮುಚ್ಚಿರುತ್ತದೆ. ಕರೆಂಟು ಹೋಯಿತು ಅಂದರೆ 10 ಕಿಲೋ ಓಮ್ ಗೇಟನ್ನು ಕೆಳಗೆ ಎಳೆಯುತ್ತದೆ, ಲೈಟು ಹತ್ತುತ್ತದೆ.

ಚಾರ್ಜಿಂಗಿಗೆ ಟಿಪಿ5000 ಅನ್ನುವ ಚಿಕ್ಕ ಬೋರ್ಡು. ಎಲ್ಲರಿಗೂ ಗೊತ್ತಿರುವ ಟಿಪಿ4056 ಇಲ್ಲಿ ಬೇಡವೇ ಬೇಡ, ಅದು 4.2 ವೋಲ್ಟಿನದು. ಟಿಪಿ5000 ಎರಡೂ ಮಾಡುತ್ತದೆ, ಬೋರ್ಡಿನ ಮೇಲೆ ಬೆಸುಗೆಯ ಒಂದು ಚುಕ್ಕೆಯಿಂದ 4.2 ಅಥವಾ 3.6 ಆರಿಸಿಕೊಳ್ಳಬೇಕು. ಅಂಗಡಿಯವರು ಯಾವುದಕ್ಕೆ ಇಟ್ಟು ಕಳಿಸಿದ್ದಾರೆ ಅಂತ ನಂಬಬೇಡಿ. ಸೆಲ್ ಜೋಡಿಸುವ ಮೊದಲು ಔಟ್‌ಪುಟ್ಟಿಗೆ 470 ಮೈಕ್ರೋಫ್ಯಾರಡಿನ ಕೆಪಾಸಿಟರ್ ಹಾಕಿ ಅಳೆಯಿರಿ. 3.6 ಬರಬೇಕು. ಮೊದಲ ಚಾರ್ಜ್ ಮುಗಿಯುವವರೆಗೂ ಪಕ್ಕದಲ್ಲಿ ಕೂತು ಆಗಾಗ ಅಳೆಯಿರಿ, 3.65 ದಾಟಬಾರದು. ಒಂದು ಆಂಪಿಯರಿನಲ್ಲಿ ಖಾಲಿ ಸೆಲ್ ತುಂಬಲು ಆರೇಳು ಗಂಟೆ ಹಿಡಿಯುತ್ತದೆ.

ಒಂದು ಸೂಕ್ಷ್ಮ ಇದೆ. 5 ವೋಲ್ಟ್ ಬಂದು ಟಿಪಿ5000 ಸೇರುವ ದಾರಿಯಲ್ಲಿ ಎಸ್‌ಎಸ್34 ಅಥವಾ 1ಎನ್5822 ಶಾಟ್ಕಿ ಡಯೋಡು ಇಡಿ. ಇಲ್ಲದಿದ್ದರೆ ಕರೆಂಟು ಹೋದಾಗ ಬ್ಯಾಟರಿಯ ವೋಲ್ಟೇಜು ಚಾರ್ಜಿಂಗ್ ಬೋರ್ಡಿನ ಮೂಲಕ ಹಿಂದಕ್ಕೆ ಬಂದು, ಮಾಸ್‌ಫೆಟ್ಟಿಗೆ ಇನ್ನೂ ಕರೆಂಟು ಇದೆ ಅನ್ನಿಸಬಹುದು. ಗೇಟಿನ ವೈರನ್ನು ಡಯೋಡಿನ ಈಚೆ, ಅಂದರೆ ಮೊಬೈಲ್ ಚಾರ್ಜರಿನ ಕಡೆಯಿಂದ ತೆಗೆದುಕೊಳ್ಳಿ. ಡಯೋಡು ಸ್ವಲ್ಪ ವೋಲ್ಟೇಜು ತಿನ್ನುತ್ತದೆ. ಹಾಗಾಗಿ 5 ವೋಲ್ಟಿನ ವೈರ್ ಚಿಕ್ಕದೂ ದಪ್ಪವೂ ಇರಲಿ, ಟಿಪಿ5000ಕ್ಕೆ 4.5ಕ್ಕಿಂತ ಕಡಿಮೆ ಹೋಗಬಾರದು.

ಅದೇ 5 ವೋಲ್ಟಿನ ದಾರಿಯಲ್ಲಿ, ಡಯೋಡಿಗೂ ಗೇಟಿಗೂ ಮೊದಲೇ, ಒತ್ತಿದಾಗ ಮಾತ್ರ ಸಂಪರ್ಕ ಕಡಿಯುವ ಗುಂಡಿಯೊಂದನ್ನು ಹಾಕಿ. ಒತ್ತಿದಾಗ ಲೈಟಿಗೆ ಕರೆಂಟು ಹೋದ ಹಾಗೆ ಆಗುತ್ತದೆ, ಎಲ್‌ಇಡಿ ಹತ್ತುತ್ತದೆ. ತಿಂಗಳಿಗೊಮ್ಮೆ ಒತ್ತಿ ನೋಡಲು ಇದೇ ಸಾಕು.

ಬ್ಯಾಟರಿ ಪ್ಯಾಕ್

ಈಗ ಮುಖ್ಯ ಕೆಲಸ. ಮನೆಯವರ ಕೈಗೆ ಬರಿ ಸೆಲ್ ಕೊಡಬಾರದು. 6 ಆಂಪಿಯರ್ ಅವರಿನ ಸೆಲ್ ಶಾರ್ಟ್ ಆದರೆ ಹತ್ತಾರು ಆಂಪಿಯರ್ ಬಿಡುತ್ತದೆ. ಬೆರಳಲ್ಲಿ ಉಂಗುರ, ಕೈಯಲ್ಲಿ ಬಳೆ ಇರುವವರಿಗೆ ಅದು ಸಣ್ಣ ವಿಷಯವಲ್ಲ. ಹಾಗಾಗಿ ಸೆಲ್, ರಕ್ಷಣೆಯ ಬೋರ್ಡು, ಫ್ಯೂಸು ಮೂರೂ ಸೇರಿ ಒಂದೇ ಗಟ್ಟಿ ತುಂಡಾಗಬೇಕು. ಹೊರಗೆ ಕಾಣುವುದು ಒಂದು ಕನೆಕ್ಟರ್ ಮಾತ್ರ.

ಹೊರಗಿನ ಚಿಪ್ಪಿಗೆ ನಾನು ಬಳಸುವುದು 40 ಮಿಲಿಮೀಟರಿನ ಪಿವಿಸಿ ಪೈಪು. ತೋಟದ ನೀರಿನ ಕೆಲಸ ಆದ ಮೇಲೆ ಎಲ್ಲರ ಮನೆ ಅಟ್ಟದಲ್ಲೂ ತುಂಡುಗಳು ಬಿದ್ದಿರುತ್ತವೆ. 11 ಸೆಂಟಿಮೀಟರ್ ಕತ್ತರಿಸಿ, ಎರಡು ತುದಿಗೂ ಎಂಡ್ ಕ್ಯಾಪ್. ಸೆಲ್ ಸಡಿಲವಾಗಿ ಒಳಗೆ ಕೂರುತ್ತದೆ, ಸುತ್ತ ಫೋಮ್ ಪಟ್ಟಿ ಸುತ್ತಿದರೆ ಅಲುಗಾಡುವುದಿಲ್ಲ. ಒಂದು ಕ್ಯಾಪಿಗೆ 3 ಮಿಲಿಮೀಟರಿನ ತೂತು ಇರಲಿ. ಸೆಲ್ ಯಾವತ್ತಾದರೂ ಕೆಟ್ಟು ಗ್ಯಾಸ್ ಬಿಟ್ಟರೆ ಹೋಗಲು ದಾರಿ ಬೇಕಲ್ಲ. ಕ್ಯಾಪನ್ನು ಸಾಲ್ವೆಂಟ್ ಹಾಕಿ ಅಂಟಿಸಬೇಡಿ, ಒಂದು ಚಿಕ್ಕ ಸ್ಕ್ರೂ ಸಾಕು. ಸೆಲ್ ಬದಲಿಸುವ ರಿಪೇರಿಯವರು ನಾಳೆ ನಿಮಗೆ ಶಾಪ ಹಾಕಬಾರದು.

ಸೆಲ್ಲಿನ ಮೈಗೆ ನೇರ ಬೆಸುಗೆ ಹಾಕಬೇಡಿ, ಶಾಖ ಒಳಗೆ ಹೋಗುತ್ತದೆ. ನಿಕಲ್ ಪಟ್ಟಿ ಮೊದಲೇ ಸ್ಪಾಟ್ ವೆಲ್ಡ್ ಆಗಿರುವ ಸೆಲ್ ಕೊಳ್ಳಿ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಕೇಳಿದರೆ ಸಿಗುತ್ತದೆ, ಇಲ್ಲವೇ ಇ-ಬೈಕ್ ಬ್ಯಾಟರಿ ರಿಪೇರಿಯವರು ಹಾಕಿಕೊಡುತ್ತಾರೆ. ಪ್ಲಸ್ ತುದಿಗೆ ಬಾರ್ಲಿ ಪೇಪರಿನ, ಅಂದರೆ ಕರೆಂಟು ಹರಿಯದ ದಪ್ಪ ಕಾಗದದ, ಬಳೆ ಅಂಟಿಸಿ. ರಕ್ಷಣೆಯ ಬೋರ್ಡು ಐರನ್ ಫಾಸ್ಫೇಟ್ ಒಂದು ಸೆಲ್ಲಿನದೇ ಆಗಿರಬೇಕು. ಸಾಮಾನ್ಯ ಲಿಥಿಯಂ ಅಯಾನಿನ ಬೋರ್ಡು ನೋಡಲು ಹಾಗೇ ಇರುತ್ತದೆ, ಆದರೆ ಅದು 4.2 ದಾಟುವವರೆಗೂ ಸುಮ್ನೆ ಕೂತಿರುತ್ತದೆ. ಬೋರ್ಡಿನ ಆಚೆ ಪ್ಲಸ್ ವೈರಿನಲ್ಲಿ 2 ಆಂಪಿಯರಿನ ಗ್ಲಾಸ್ ಫ್ಯೂಸ್, ಮೇಲೆ ಸ್ಲೀವ್. ಶಾರ್ಟ್ ಆದರೆ ಮೊದಲು ಬೋರ್ಡು ಕಟ್ ಮಾಡುತ್ತದೆ. ಬೋರ್ಡೇ ಕೈಕೊಟ್ಟರೆ ಫ್ಯೂಸ್ ಹೋಗುತ್ತದೆ.

ಕನೆಕ್ಟರಿನ ವಿಷಯದಲ್ಲಿ ನನಗೆ ಸ್ವಲ್ಪ ಹಟ. ಅಡಾಪ್ಟರುಗಳಲ್ಲಿ ಬರುವ ಗುಂಡು ಡಿಸಿ ಪಿನ್ ಬೇಡ. ಅದರ ಪ್ಲಸ್ಸೂ ಮೈನಸ್ಸೂ ಒಂದೇ ತುದಿಯಲ್ಲಿವೆ, ಒಂದು ಮೊಳೆ ತಾಗಿದರೆ ಶಾರ್ಟ್. ಜೊತೆಗೆ ವೈಫೈ ರೂಟರಿನ 12 ವೋಲ್ಟ್ ಅಡಾಪ್ಟರೂ ಅದಕ್ಕೆ ಸರಿಯಾಗಿ ಕೂರುತ್ತದೆ, ಯಾರಾದರೂ ಚುಚ್ಚದೆ ಬಿಡುವುದಿಲ್ಲ. ನಾನು ಹಾಕುವುದು ಹಳದಿ ಬಣ್ಣದ ಎಕ್ಸ್‌ಟಿ30, ಡ್ರೋನ್ ಹುಡುಗರು ಬಳಸುವುದು. ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಮೂಲೆ ಕತ್ತರಿಸಿದ್ದು. ಉಲ್ಟಾ ಕೂರುವುದೇ ಇಲ್ಲ. ಲೋಹ ಒಳಗೆ ಅಡಗಿರುವ ಅರ್ಧವನ್ನು ಬ್ಯಾಟರಿಗೆ ಕೊಡಿ, ಪಿನ್ ಹೊರಗೆ ಕಾಣುವ ಅರ್ಧ ಡಬ್ಬಿಯ ಕಡೆ ಇರಲಿ. ಕಿತ್ತ ಮೇಲೂ ಜೀವ ಇರುವುದು ಬ್ಯಾಟರಿಗೆ ತಾನೇ?

ಉಲ್ಟಾ ಜೋಡಣೆಗೆ ಮಾಸ್‌ಫೆಟ್ ರಕ್ಷಣೆ ಇದ್ದರೆ ಸಾಕು, ಕನೆಕ್ಟರ್ ಯಾವುದಾದರೇನು ಅನ್ನುವವರೂ ಇದ್ದಾರೆ. ಅವರಿಗೆ ಒಂದು ಮಾತು. ಆ ಮಾಮೂಲಿ ಸರ್ಕ್ಯೂಟಿನಲ್ಲಿ ಮಾಸ್‌ಫೆಟ್ ತೆರೆಯುವುದು ಅದರ ಆಚೆ ಬದಿಯ ವೋಲ್ಟೇಜು ನೋಡಿ. ಚಾರ್ಜರ್ ಓಡುತ್ತಿರುವಾಗ ಆಚೆ ಬದಿಯಲ್ಲಿ ವೋಲ್ಟೇಜು ಹೇಗೂ ಇರುತ್ತದೆ. ಆಗ ಉಲ್ಟಾ ಬ್ಯಾಟರಿ ಜೋಡಿಸಿದರೂ ಅದು ಬಾಗಿಲು ತೆರೆದು ಒಳಗೆ ಬಿಡುತ್ತದೆ. ಬ್ಯಾಟರಿ ಬದಲಿಸುವಾಗ ಚಾರ್ಜರ್ ಆಫ್ ಮಾಡುವವರು ಎಷ್ಟು ಜನ ಇದ್ದಾರೆ? ಹಾಗಾಗಿ ಕನೆಕ್ಟರೇ ಮೊದಲ ಕಾವಲು. ಬೇಕಿದ್ದರೆ ಡಬ್ಬಿಯ ಒಳಗೆ ಪ್ಲಸ್ಸಿಗೂ ಮೈನಸ್ಸಿಗೂ ಅಡ್ಡಲಾಗಿ 1ಎನ್5408 ಡಯೋಡನ್ನು ಹಿಂದುಮುಂದಾಗಿ ಹಾಕಿ, ಬೆಳ್ಳಿ ಗೆರೆ ಪ್ಲಸ್ ಕಡೆಗೆ. ಯಾರೋ ಕನೆಕ್ಟರನ್ನೇ ತಪ್ಪಾಗಿ ಬೆಸೆದು ಉಲ್ಟಾ ಕೊಟ್ಟರೆ ಕರೆಂಟೆಲ್ಲ ಆ ಡಯೋಡಿನಲ್ಲೇ ಹರಿದು ಪ್ಯಾಕಿನ ರಕ್ಷಣೆ ಕಟ್ ಆಗುತ್ತದೆ, ಬೋರ್ಡು ಉಳಿಯುತ್ತದೆ.

ಡಬ್ಬಿ ಮತ್ತು ಬಾಗಿಲು

ಸ್ವಿಚ್ ಬೋರ್ಡಿಗೆ ಬರುವ 6 ಇಂಚು 8 ಇಂಚಿನ ಪ್ಲಾಸ್ಟಿಕ್ ಬಾಕ್ಸ್ ಸಾಕು. ಕೆಳಗಿನ ಅರ್ಧ ಬ್ಯಾಟರಿಗೆ, ಮೇಲಿನ ಅರ್ಧ ಬೋರ್ಡಿಗೆ. ನಡುವೆ ಬ್ಯಾನರ್ ಅಂಗಡಿಯ ಫೋಮ್ ಬೋರ್ಡಿನ ಅಡ್ಡಗೋಡೆ. ಚಾರ್ಜಿಂಗ್ ಬೋರ್ಡು ಬಿಸಿಯಾಗುತ್ತದೆ, ಬಿಸಿ ಮೇಲೆ ಹೋಗುತ್ತದೆ, ಹಾಗಾಗಿ ಬ್ಯಾಟರಿ ಯಾವಾಗಲೂ ಕೆಳಗೆ. ಮೇಲಿನ ಕೋಣೆಗೆ ಗಾಳಿ ತೂತು ಕೊರೆದು ಒಳಗಿನಿಂದ ಸೊಳ್ಳೆ ಪರದೆಯ ಚೂರು ಅಂಟಿಸಿ. ನಮ್ಮ ಕಡೆ ಇರುವೆ, ಜಿರಲೆ, ಹಲ್ಲಿ ಮೂವರಿಗೂ ಬೆಚ್ಚಗಿನ ಡಬ್ಬಿ ಅಂದರೆ ಪ್ರಾಣ. ಹಲ್ಲಿ ಮೊಟ್ಟೆ ಇಟ್ಟ ಲೈಟುಗಳೂ ರಿಪೇರಿಗೆ ಬರುತ್ತವೆ. ಬೆಸುಗೆ ಮುಗಿದ ಬೋರ್ಡಿಗೆ ಪಿಸಿಬಿ ಲ್ಯಾಕರ್ ಒಂದು ಕೈ ಹೊಡೆಯಿರಿ, ಇಲ್ಲದಿದ್ದರೆ ಜುಲೈ ಹೊತ್ತಿಗೆ ಬೂಷ್ಟು ಹಿಡಿಯುತ್ತದೆ.

ಬಾಗಿಲು ಬ್ಯಾಟರಿಯ ಕೋಣೆಗೆ ಮಾತ್ರ. ಅದಕ್ಕೆ ಒಂದೇ ಸ್ಕ್ರೂ, ತಲೆಯಲ್ಲಿ ಅಗಲ ಸೀಳು ಇರುವುದು, ರೂಪಾಯಿ ನಾಣ್ಯದಿಂದ ತಿರುಗುವಂಥದ್ದು. ಸ್ಕ್ರೂಡ್ರೈವರ್ ಬೇಕು ಅಂದರೆ ಮನೆಯವರು ಚಾಕು ತರುತ್ತಾರೆ. ಸ್ಕ್ರೂ ಇಲ್ಲವೇ ಇಲ್ಲ ಅಂದರೆ ಮಕ್ಕಳು ತೆರೆಯುತ್ತಾರೆ. ನಾಣ್ಯ ಎರಡಕ್ಕೂ ನಡುವಿನದು. ಸ್ಕ್ರೂ ಬಾಗಿಲಿನಿಂದ ಉದುರದ ಹಾಗೆ ಹಿಂದಿನಿಂದ ಬಿಗಿಯಾದ ರಬ್ಬರ್ ವಾಷರ್ ತೊಡಿಸಿ. ಬಾಗಿಲನ್ನೂ ಒಂದು ದಾರದಿಂದ ಡಬ್ಬಿಗೆ ಕಟ್ಟಿ. ಕತ್ತಲಲ್ಲಿ ಮಂಚದ ಕೆಳಗೆ ಸ್ಕ್ರೂ ಹುಡುಕುವ ಕೆಲಸ ಯಾರಿಗೂ ಬೇಡ.

ಹಳೆಯ ಟ್ರಾನ್ಸಿಸ್ಟರ್ ರೇಡಿಯೋಗಳಲ್ಲಿ ಸೆಲ್ಲುಗಳ ಕೆಳಗೆ ಒಂದು ರಿಬ್ಬನ್ ಇರುತ್ತಿತ್ತು, ನೆನಪಿದೆಯಾ? ಎಳೆದರೆ ಸೆಲ್ ಮೇಲೆ ಬರುತ್ತಿತ್ತು. ಅದನ್ನೇ ಇಲ್ಲೂ ಮಾಡಿ. ಪ್ಯಾಕ್ ಕೂರುವ ಜಾಗದ ಹಿಂದೆ ಹತ್ತಿಯ ಪಟ್ಟಿಯೊಂದನ್ನು ಅಂಟಿಸಿ, ತುದಿಯನ್ನು ಪ್ಯಾಕಿನ ಮುಂದೆ ಬಿಡಿ. ಇಲ್ಲದಿದ್ದರೆ ಜನ ವೈರು ಹಿಡಿದು ಎಳೆಯುತ್ತಾರೆ. ಡಬ್ಬಿಯ ಕಡೆಯ ಕನೆಕ್ಟರನ್ನು ಗೋಡೆಗೆ ಗಟ್ಟಿಯಾಗಿ ಕೂರಿಸಿ. ಪ್ಯಾಕಿನ ವೈರು ನಾಲ್ಕು ಬೆರಳಿಗಿಂತ ಉದ್ದ ಬೇಡ. ಹಾಗಿದ್ದರೆ ಪ್ಯಾಕನ್ನು ತಿರುಗಾಮುರುಗಾ ಇಟ್ಟಾಗ ಕನೆಕ್ಟರ್ ತಲುಪುವುದೇ ಇಲ್ಲ.

ಬ್ಯಾಟರಿ ಬದಲಿಸುವುದು ಹಗಲು ಹೊತ್ತಲ್ಲಿ, ಮೇಜಿನ ಮೇಲೆ ಅಂತ ನೀವು ಅಂದುಕೊಂಡಿದ್ದರೆ ಅದು ಆಗುವುದಿಲ್ಲ. ಲೈಟು ಹತ್ತಲಿಲ್ಲ ಅಂತ ಗೊತ್ತಾಗುವುದೇ ಕತ್ತಲಾದ ಮೇಲೆ. ಕೆಂಪು ವೈರು, ಕಪ್ಪು ವೈರು, ಪ್ಲಸ್ ಗುರುತು ಯಾವುದೂ ಆಗ ಕಾಣುವುದಿಲ್ಲ. ಕೈಗೆ ತಿಳಿಯುವ ಹಾಗಿರಬೇಕು.

ಹಾಗಾಗಿ ಹೊಸ ಡಬ್ಬಿ ಮುಗಿದಾಗ ನಾನು ನಮ್ಮ ಅತ್ತೆಯ ಕೈಗೆ ಕೊಡುತ್ತೇನೆ. ಕೋಣೆಯ ಬಾಗಿಲು ಹಾಕಿ ಲೈಟು ಆರಿಸುತ್ತೇನೆ. ಅವರಿಗೆ ಬೆರಳಲ್ಲಿ ಸಂಧಿವಾತ, ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ. ಅವರು ಸೆರಗಿನ ಗಂಟಿನಿಂದ ನಾಣ್ಯ ತೆಗೆದು ಸೀಳು ಹುಡುಕುತ್ತಾರೆ. "ತಂಗಿ, ಈ ಹಳದಿದು ರಾಶಿ ಗಟ್ಟಿ ಇದೆ, ಹಿಡಿಯಲೇ ಬರಲ್ಲ" ಅಂದದ್ದು ಅವರೇ. ಎಕ್ಸ್‌ಟಿ30ರ ಹೊಸ ಪಿನ್ನುಗಳು ನಿಜಕ್ಕೂ ಬಿಗಿ. ಈಗ ಕನೆಕ್ಟರಿನ ಬ್ಯಾಟರಿ ಕಡೆಯ ಅರ್ಧಕ್ಕೆ ಎರಡೂ ಬದಿ ಅಕ್ರಿಲಿಕ್ ಚೂರು ಅಂಟಿಸಿ ರೆಕ್ಕೆ ಮಾಡುತ್ತೇನೆ, ಹೆಬ್ಬೆರಳು ತೋರುಬೆರಳು ಕೂರುವಷ್ಟು. ಕೊಡುವ ಮೊದಲು ಹತ್ತಾರು ಸಲ ಹಾಕಿ ತೆಗೆದು ಪಿನ್ನು ಸ್ವಲ್ಪ ಸಡಿಲಿಸುತ್ತೇನೆ. ಅವರು ಯಾರ ಸಹಾಯ ಇಲ್ಲದೆ ತೆಗೆದು ಹಾಕಿದರೆ ಮಾತ್ರ ಆ ಡಬ್ಬಿ ಮನೆಯಿಂದ ಹೊರಗೆ ಹೋಗುತ್ತದೆ.

ಎಲ್ಲಿ ನೇತು ಹಾಕುತ್ತೀರಿ ಅನ್ನುವುದೂ ಡಿಸೈನೇ. ಬಾಗಿಲಿನ ಮೇಲೆ ಎಂಟಡಿ ಎತ್ತರದಲ್ಲಿ ಹಾಕಿ, ಬ್ಯಾಟರಿಗಾಗಿ ಕತ್ತಲಲ್ಲಿ ಸ್ಟೂಲ್ ಹತ್ತಿಸಿದರೆ ಇಷ್ಟೆಲ್ಲ ಮಾಡಿದ್ದು ದಂಡ. ನಿಂತವರ ಭುಜದ ಮಟ್ಟಕ್ಕೆ ಹಾಕಿ, ಎಲ್‌ಇಡಿಗಳನ್ನು ಮೇಲಕ್ಕೆ ಮುಖ ಮಾಡಿ. ಬಿಳಿ ಬಣ್ಣದ ತಾರಸಿ ಇದ್ದರೆ ಬೆಳಕು ಅಲ್ಲಿಂದ ಹರಡಿ ಕೆಳಗೆ ಬರುತ್ತದೆ, ಕಣ್ಣಿಗೂ ಚುಚ್ಚುವುದಿಲ್ಲ. ಹೆಂಚಿನ ಮನೆಯಾದರೆ ಬೆಳಕು ಮೇಲೆ ಹೋಗಿ ಕಳೆದುಹೋಗುತ್ತದೆ, ಅಲ್ಲಿ ಮುಂದಕ್ಕೆ ಮುಖ ಮಾಡಿ ಹಾಲುಬಣ್ಣದ ಅಕ್ರಿಲಿಕ್ ಮುಚ್ಚಿ. ಒಲೆಯ ಮೇಲೆ, ಬಚ್ಚಲಿನ ಹಂಡೆಯ ಹತ್ತಿರ ಬೇಡ.

ಹಳೆಯ 6 ವೋಲ್ಟಿನ ಲೈಟು ಇದ್ದರೆ

ಮನೆಯಲ್ಲಿ ಒಳ್ಳೆಯ ಗಟ್ಟಿ ಡಬ್ಬಿಯ ಹಳೆಯ ಲೈಟಿದ್ದು, ಒಳಗೆ 6 ವೋಲ್ಟ್ 4.5 ಆಂಪಿಯರ್ ಅವರಿನ ಸೀಲ್ಡ್ ಲೆಡ್ ಬ್ಯಾಟರಿ ಇದ್ದರೆ ಅದನ್ನೂ ಸರಿ ಮಾಡಬಹುದು. ಒಳಗಿನ ಚಾರ್ಜರ್ ಕಿತ್ತು, ಹೊರಗೆ 12 ವೋಲ್ಟ್ 1 ಆಂಪಿಯರಿನ ಅಡಾಪ್ಟರ್ ಇಡಿ. ಒಳಗೆ 4.7 ಓಮ್ 5 ವ್ಯಾಟ್ ರೆಸಿಸ್ಟರ್, ಅಲ್ಲಿಂದ ಹೀಟ್‌ಸಿಂಕ್ ಸಹಿತ ಎಲ್‌ಎಂ317 ಅನ್ನುವ ವೋಲ್ಟೇಜ್ ರೆಗ್ಯುಲೇಟರ್, ಅಲ್ಲಿಂದ 1ಎನ್5408 ಡಯೋಡು, ಆಮೇಲೆ ಬ್ಯಾಟರಿ. 317ಕ್ಕೆ 240 ಓಮ್ ಮತ್ತು 2 ಕಿಲೋ ಓಮಿನ ಪ್ರಿಸೆಟ್, ಅಂದರೆ ತಿರುಗಿಸಿ ಹೊಂದಿಸುವ ರೆಸಿಸ್ಟರ್. ಬ್ಯಾಟರಿ ಇಲ್ಲದೆ, ಡಯೋಡು ದಾಟಿದ ಮೇಲೆ 1 ಕಿಲೋ ಓಮ್ ಲೋಡು ಕೊಟ್ಟು 6.8 ವೋಲ್ಟಿಗೆ ತಿರುಗಿಸಿ. ಈ ವೋಲ್ಟೇಜಿನಲ್ಲಿ ಲೆಡ್ ಬ್ಯಾಟರಿ ವರ್ಷಪೂರ್ತಿ ಕೂರಬಹುದು. ಬಳಸುವಾಗ 5.25 ವೋಲ್ಟಿಗಿಂತ ಕೆಳಗೆ ಇಳಿಯಲು ಬಿಡಬೇಡಿ. ಖಾಲಿ ಮಾಡಿ ಹಾಗೇ ತಿಂಗಳು ಬಿಟ್ಟರೆ ಸಲ್ಫೇಟ್ ಕಟ್ಟಿಕೊಂಡು ಆಮೇಲೆ ಚಾರ್ಜೇ ಹಿಡಿಯುವುದಿಲ್ಲ.

ಲೆಡ್ ಬ್ಯಾಟರಿಯ ಕೋಣೆಗೆ ಗಾಳಿಯ ದಾರಿ ಕಡ್ಡಾಯ. ಜಾಸ್ತಿ ಚಾರ್ಜಾದರೆ ಹೈಡ್ರೋಜನ್ ಬಿಡುತ್ತದೆ, ಅದು ಮೇಲಕ್ಕೆ ಹೋಗುತ್ತದೆ. ತೂತು ಆ ಕೋಣೆಯ ಮೇಲ್ಭಾಗದಲ್ಲೇ ಇರಲಿ, ಕಿಡಿ ಹಾರುವ ಸ್ವಿಚ್ಚು ಅಲ್ಲಿ ಬೇಡ. ಅಂಗಡಿಯಲ್ಲಿ ಹೊಸ ಬ್ಯಾಟರಿ ಕೊಳ್ಳುವಾಗ ಮೀಟರ್ ಹಿಡಿಯಿರಿ. 6.3ಕ್ಕಿಂತ ಮೇಲಿದ್ದರೆ ತೆಗೆದುಕೊಳ್ಳಿ, 6ಕ್ಕಿಂತ ಕೆಳಗಿದ್ದರೆ ಅದು ಕಪಾಟಿನಲ್ಲೇ ಮುದುಕಾಗಿದೆ.

ತೆಗೆದ ಬ್ಯಾಟರಿ

ಟರ್ಮಿನಲ್ಲಿಗೆ, ಕನೆಕ್ಟರಿಗೆ ಮೊದಲು ಟೇಪು ಸುತ್ತಿ. ಊದಿದ ಲಿಥಿಯಂ ಸೆಲ್ಲನ್ನು ಒತ್ತಬೇಡಿ, ಚುಚ್ಚಬೇಡಿ. ಒಣ ಮರಳು ತುಂಬಿದ ಡಬ್ಬದಲ್ಲಿಟ್ಟು ಮನೆಯ ಹೊರಗಿಡಿ. ಲೆಡ್ ಬ್ಯಾಟರಿ ಸೋರಿದ್ದರೆ ಅಡಿಗೆ ಸೋಡಾ ಕಲಸಿದ ನೀರಿನಿಂದ ಒರೆಸಿ, ಕೈಗೆ ಗ್ಲೌಸ್ ಇರಲಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ವಾಪಸ್ ಪಡೆದು ಮರುಬಳಕೆ ಮಾಡಿಸುವ ಹೊಣೆ ತಯಾರಕರದು. ಹಾಗಾಗಿ ಹೊಸದು ಕೊಂಡ ಅಂಗಡಿಯಲ್ಲೇ ಹಳೆಯದನ್ನು ಕೊಡಲು ಕೇಳಿ. ಲೆಡ್ಡಿಗೆ ತೂಕದ ಮೇಲೆ ದುಡ್ಡೂ ಬರುತ್ತದೆ. ಕೊಟ್ಟಿಗೆ ಹಿಂದಿನ ಗೊಬ್ಬರದ ಗುಂಡಿಗೆ ಎಸೆಯಬೇಡಿ, ಆ ಗೊಬ್ಬರ ಕೊನೆಗೆ ಅಡಿಕೆ ಮರದ ಬುಡಕ್ಕೇ ಹೋಗುವುದು.

ಆಗುವುದಾದರೆ ಇನ್ನೊಂದು ಪ್ಯಾಕ್ ಮಾಡಿ ಅರ್ಧ ಚಾರ್ಜಿನಲ್ಲಿ ಕಪಾಟಿನಲ್ಲಿಡಿ, ಆರು ತಿಂಗಳಿಗೊಮ್ಮೆ ಅಳೆಯಿರಿ. ಬಾಗಿಲಿನ ಒಳಬದಿಗೆ ಒಂದು ಚೀಟಿ ಅಂಟಿಸಿ: ಐರನ್ ಫಾಸ್ಫೇಟ್, 3.2 ವೋಲ್ಟ್, 6 ಆಂಪಿಯರ್ ಅವರ್, ಹಾಕಿದ ತಿಂಗಳು ಮತ್ತು ವರ್ಷ.

ಇದು ಮನೆಗೆ, ನೆಂಟರಿಗೆ ಮಾಡಿಕೊಳ್ಳುವ ಲೈಟು. ಕಲ್ಯಾಣ ಮಂಟಪ, ಶಾಲೆ, ಆಸ್ಪತ್ರೆಯ ಹೊರದಾರಿ ತೋರಿಸುವ ದೀಪಕ್ಕೆ ಇದನ್ನು ಹಾಕಬೇಡಿ, ಅಲ್ಲಿಗೆ ಪ್ರಮಾಣಪತ್ರ ಇರುವುದೇ ಬೇಕು. ಹೆಚ್ಚು ಸಂಖ್ಯೆಯಲ್ಲಿ ಮಾಡಿ ಮಾರುತ್ತೇನೆ ಅನ್ನುವವರಿಗೂ ಅಷ್ಟೇ. ಎಲ್‌ಇಡಿ ಎಮರ್ಜೆನ್ಸಿ ಲೈಟುಗಳು ಬಿಐಎಸ್‌ನ ಕಡ್ಡಾಯ ನೋಂದಣಿ ಪಟ್ಟಿಯಲ್ಲಿವೆ, ಲಿಥಿಯಂ ಸೆಲ್ಲು ಮತ್ತು ಬ್ಯಾಟರಿಗಳೂ ಅದರಲ್ಲಿವೆ. ಮೊದಲ ಡಬ್ಬಿ ಮಾರುವ ಮುಂಚೆ ಆ ಕೆಲಸ ಮುಗಿಸಿಕೊಳ್ಳಿ.